ಆಪ್ಶನ್ ನೋಡುವ ಮೊದಲು ‘ಆಲ್ದೋ’ ಹುಡುಕಿ

1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ್ದು ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ. ಬ್ಯಾಂಕುಗಳ ತವರಿನ ಮಕ್ಕಳಾದರೂ ನಮ್ಮಲ್ಲಿ ಅನೇಕರಿಗೆ ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಅಂದರೆ ಪುಕುಪುಕು. ಅದರಲ್ಲೂ ಬಿಟ್ಟ ಸ್ಥಳ ತುಂಬುವ ‘ಫಿಲ್ಲರ್ಸ್’ ಬಂದರೆ ಕೈ ನಿಲ್ಲುತ್ತದೆ. ಬ್ಯಾಂಕ್ ಅಧಿಕಾರಿ ಹುದ್ದೆಯ ಮೊದಲ ಹಂತದ ಪರೀಕ್ಷೆಯಾದ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ ಸಿಗುವುದು 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ದಪ್ಪ ಪದಪಟ್ಟಿ ಉರು ಹೊಡೆಯುವುದಕ್ಕಿಂತ ಸೂಚಕ ಪದ, ಅಂದರೆ ವಾಕ್ಯ ಯಾವ ಕಡೆ ಹೋಗುತ್ತದೆ ಅಂತ ತೋರಿಸುವ ಪದ, ಗುರುತಿಸಲು ಕಲಿತರೆ ಲಾಭ ಜಾಸ್ತಿ.

ಮೊದಲು ಆಪ್ಶನ್ ಕಡೆ ಕಣ್ಣು ಹಾಯಿಸಬೇಡಿ. ಬೇಕಾದರೆ ಅಂಗೈಯಿಂದ ಸ್ಕ್ರೀನ್ ಮುಚ್ಚಿಕೊಳ್ಳಿ, ಪಕ್ಕದವರು ನಕ್ಕರೆ ನಗಲಿ. ವಾಕ್ಯ ಮಾತ್ರ ಓದಿ:

‘ಆಲ್ದೋ ದ ಕಂಡಕ್ಟರ್ ವಾಸ್ ಯೂಶುವಲಿ ಟಾಕೇಟಿವ್, ಹಿ ವಾಸ್ ____ ದಟ್ ಈವ್ನಿಂಗ್.’

‘ಆಲ್ದೋ’ ಅಂದ ಕೂಡಲೇ ವಾಕ್ಯ ಉಲ್ಟಾ ಹೊಡೆಯುತ್ತದೆ ಅಂತ ತಿಳಿಯಿರಿ. ಯಾವುದಕ್ಕೆ ಉಲ್ಟಾ? ‘ಟಾಕೇಟಿವ್’ಗೆ. ಈಗ ಖಾಲಿ ಜಾಗಕ್ಕೆ ನಿಮ್ಮದೇ ಪದ ಹಾಕಿ. ‘ಮಾತಿಲ್ಲದವ’ ಅಂತ ಕನ್ನಡದಲ್ಲೇ ಹಾಕಿದರೂ ಸಾಕು. ಆಮೇಲೆ ಆಪ್ಶನ್ ನೋಡಿ: ಚಾಟಿ, ಟಯರ್ಡ್, ರೆಟಿಸೆಂಟ್, ಪಂಕ್ಚುವಲ್. ಇಲ್ಲಿ ‘ಟಯರ್ಡ್’ ಆಸೆ ಹುಟ್ಟಿಸುತ್ತದೆ. ದಿನವಿಡೀ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್‌ನಲ್ಲಿ ನಿಂತವರಿಗೆ ಸುಸ್ತಾಗದೆ ಇರುತ್ತದಾ? ಆದರೆ ವಾಕ್ಯ ಹೇಳುತ್ತಿರುವುದು ಮಾತಿನ ವಿಷಯ. ಉತ್ತರ ‘ರೆಟಿಸೆಂಟ್’, ಅಂದರೆ ಹೆಚ್ಚು ಮಾತಾಡದವ.

‘ಬಟ್’, ‘ಹೌಎವರ್’, ‘ಡಿಸ್ಪೈಟ್’, ‘ಫಾರ್ ಫ್ರಮ್’ ಎಲ್ಲ ಇದೇ ಗುಂಪು. ‘ಮೋರೋವರ್’, ‘ಲೈಕ್‌ವೈಸ್’ ಬಂದರೆ ಅದೇ ದಾರಿಯಲ್ಲಿ ಮುಂದೆ ಹೋಗಿ. ‘ಬಿಕಾಸ್’, ‘ದೇರ್‌ಫೋರ್’ ಇದ್ದರೆ ಕಾರಣ ಯಾವುದು, ಪರಿಣಾಮ ಯಾವುದು ನೋಡಿ. ‘ವೈಲ್’ ಮತ್ತು ‘ಸಿನ್ಸ್’ ಬಗ್ಗೆ ಹುಷಾರು. ಇವು ಒಮ್ಮೊಮ್ಮೆ ಬರೀ ಸಮಯ ಹೇಳುತ್ತವೆ ಅಷ್ಟೇ.

ಜಾಸ್ತಿ ಜನ ಎಡವುವುದು ಎರಡು-ಮೂರು ತಿರುವು ಒಟ್ಟಿಗೆ ಬಂದಾಗ. ‘ಡಿಸ್ಪೈಟ್ ಹರ್ ಲ್ಯಾಕ್ ಆಫ್ ಎಕ್ಸ್‌ಪೀರಿಯೆನ್ಸ್, ಶಿ ವಾಸ್ ಹಾರ್ಡ್ಲಿ ____.’ ‘ಡಿಸ್ಪೈಟ್’ ನೋಡಿದ್ದೇ ತಡ, ‘ಕಾನ್ಫಿಡೆಂಟ್’ ಒತ್ತಿಬಿಡುತ್ತಾರೆ. ಅನುಭವ ಇಲ್ಲದಿದ್ದರೂ ಅವಳು ಚೆನ್ನಾಗಿಯೇ ಇದ್ದಳು ಅನ್ನುವುದೇನೋ ಸರಿ. ಆದರೆ ಖಾಲಿ ಜಾಗದ ಮುಂದೆ ‘ಹಾರ್ಡ್ಲಿ’ ಕೂತಿದೆ ಅಲ್ವಾ? ಅದು ಮತ್ತೊಮ್ಮೆ ತಿರುಗಿಸುತ್ತದೆ. ಹಾಗಾಗಿ ಬೇಕಾದದ್ದು ‘ನರ್ವಸ್’ ತರಹದ ಪದ. ರಫ್ ಶೀಟಿನಲ್ಲಿ ಪ್ರತಿ ತಿರುವಿಗೂ ಒಂದು ಮೈನಸ್ ಗುರುತು ಹಾಕಿ. ಲ್ಯಾಕ್, ಡಿಸ್ಪೈಟ್, ಹಾರ್ಡ್ಲಿ ಯಾವುದನ್ನೂ ಬಿಡಬೇಡಿ.

ಚಿಹ್ನೆಗಳೂ ಮಾತಾಡುತ್ತವೆ. ‘ದ ರಿಪೋರ್ಟ್ ವಾಸ್ ____: ಇಟ್ ಸೆಡ್ ಇನ್ ಟು ಪೇಜಸ್ ವಾಟ್ ಅದರ್ಸ್ ಸೇ ಇನ್ ಟ್ವೆಂಟಿ.’ ಕೋಲನ್ ನಂತರ ಬಂದದ್ದು ಖಾಲಿ ಜಾಗದ ವಿವರಣೆಯೇ. ‘ಕನ್ಸೈಸ್’ (ಚುಟುಕಾದದ್ದು) ಹಾಕಿ ಮುಂದೆ ಹೋಗಿ.

ಮಣಿಪಾಲ, ಸುರತ್ಕಲ್‌ನಿಂದ ಜಿಆರ್‌ಇ (ವಿದೇಶದಲ್ಲಿ ಉನ್ನತ ಓದಿಗೆ ಬರೆಯುವ ಪರೀಕ್ಷೆ) ಬರೆಯುವವರಿಗೆ ಒಂದು ಮಾತು. ಅಲ್ಲಿ ಒಂದೇ ಪ್ರಶ್ನೆಯಲ್ಲಿ ಮೂರು ಖಾಲಿ ಜಾಗದವರೆಗೆ ಇರುತ್ತವೆ, ಎಲ್ಲವೂ ಸರಿಯಾದರೆ ಮಾತ್ರ ಅಂಕ. ಮೊದಲ ಜಾಗವನ್ನೇ ಮೊದಲು ತುಂಬಬೇಕು ಅಂತೇನಿಲ್ಲ. ಸೂಚಕ ಪದ ಯಾವುದರ ಹತ್ತಿರ ಇದೆಯೋ ಅಲ್ಲಿಂದ ಶುರುಮಾಡಿ. ಅಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಹಾಗಾಗಿ ಗೊತ್ತಾಗದಿದ್ದರೂ ಏನಾದರೊಂದು ಗುರುತು ಮಾಡಿ. ಬ್ಯಾಂಕ್ ಪರೀಕ್ಷೆಯಲ್ಲಿ ಸುಮ್ನೆ ಹಾಗೆ ಮಾಡಲು ಹೋಗಬೇಡಿ.