ಟೆಕ್ಸಸ್ ನಗರಗಳ ಸಿವಿಲ್ ಸರ್ವಿಸ್ ಆಯೋಗಕ್ಕೆ ಸದಸ್ಯರನ್ನು ನೇಮಿಸುವುದು

ಟೆಕ್ಸಸ್‌ನಲ್ಲಿ ಕನಿಷ್ಠ 10,000 ಜನರಿರುವ ನಗರವೊಂದು ಮತದಾರರ ಒಪ್ಪಿಗೆಯೊಂದಿಗೆ ಸ್ಥಳೀಯ ಸರ್ಕಾರ ಸಂಹಿತೆಯ 143ನೇ ಅಧ್ಯಾಯವನ್ನು ಅಳವಡಿಸಿಕೊಂಡರೆ, ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪರೀಕ್ಷೆ, ಬಡ್ತಿ, ಶಿಸ್ತುಕ್ರಮದ ಮೇಲ್ಮನವಿಗಳಿಗೆ ಮೂವರ ಆಯೋಗ ಬೇಕಾಗುತ್ತದೆ. ಅಳವಡಿಸಿಕೊಂಡ 60 ದಿನಗಳೊಳಗೆ ಮೂವರನ್ನೂ ನೇಮಿಸಬೇಕು. ಹೆಸರು ಸೂಚಿಸುವುದು ನಗರಾಡಳಿತದ ಮುಖ್ಯಸ್ಥರು, ಎಷ್ಟೋ ಊರುಗಳಲ್ಲಿ ಸಿಟಿ ಮ್ಯಾನೇಜರ್ (ಆಡಳಿತ ನಡೆಸಲು ನೇಮಕಗೊಂಡ ಅಧಿಕಾರಿ), ಅನುಮೋದಿಸುವುದು ನಗರದ ಚುನಾಯಿತ ಮಂಡಳಿಯಾದ ಕೌನ್ಸಿಲ್.

ಮೊದಲು ಅರ್ಹತೆ ನೋಡಿ. ಅಭ್ಯರ್ಥಿ ಸನ್ನಡತೆಯವರೂ ಅಮೆರಿಕದ ಪೌರರೂ ಆಗಿರಬೇಕು, 25 ವರ್ಷ ದಾಟಿರಬೇಕು, ಆ ನಗರದಲ್ಲೇ ಮೂರು ವರ್ಷಕ್ಕಿಂತ ಹೆಚ್ಚು ವಾಸವಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ಸಾರ್ವಜನಿಕ ಹುದ್ದೆ ಹೊಂದಿರಬಾರದು. ಅಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಿ: ಗ್ರೀನ್ ಕಾರ್ಡ್ ಸಾಲದು. ಹೆಚ್ಚಿನವರು ಎಡವುವುದು ವಿಳಾಸದಲ್ಲಿ. ಅಂಚೆ ವಿಳಾಸದಲ್ಲಿ ಊರಿನ ಹೆಸರಿದ್ದ ಮಾತ್ರಕ್ಕೆ ಮನೆ ನಗರದ ಗಡಿಯೊಳಗಿದೆ ಎಂದಲ್ಲ. ನಕ್ಷೆ ತೆರೆದು ನೋಡಿ. ಹಿಂದೆ ಬೇರೆ ಮಂಡಳಿಯಲ್ಲಿದ್ದವರಾದರೆ ಅದು ‘ಸಾರ್ವಜನಿಕ ಹುದ್ದೆ’ಯೇ ಎಂದು ನಗರದ ವಕೀಲರನ್ನು ಮೊದಲೇ ಕೇಳಿ. ಪೊಲೀಸ್, ಅಗ್ನಿಶಾಮಕ ಸಿಬ್ಬಂದಿಯ ಹತ್ತಿರದ ನೆಂಟರನ್ನು ಕಾನೂನು ಈ ಪಟ್ಟಿಯಲ್ಲಿ ಹೆಸರಿಸಿಲ್ಲ, ಆದರೂ ಬಿಡುವುದೇ ಲೇಸು: ಮೊದಲ ಮೇಲ್ಮನವಿಯಲ್ಲೇ ಪಕ್ಷಪಾತದ ಆಕ್ಷೇಪ ಬರುತ್ತದೆ.

ಮೊದಲ ಸಲ ಒಬ್ಬರಿಗೆ ಒಂದು ವರ್ಷ, ಇನ್ನೊಬ್ಬರಿಗೆ ಎರಡು, ಮತ್ತೊಬ್ಬರಿಗೆ ಮೂರು ವರ್ಷವೆಂದು ಆದೇಶದಲ್ಲೇ ಬರೆಯಿರಿ. ಆಮೇಲೆ ಎಲ್ಲರಿಗೂ ಮೂರು ವರ್ಷ, ವರ್ಷಕ್ಕೊಬ್ಬರ ಅವಧಿ ಮುಗಿಯುತ್ತದೆ. ಈ ಸರದಿ ಕೆಡುವುದು ಯಾರಾದರೂ ನಡುವೆ ರಾಜೀನಾಮೆ ಕೊಟ್ಟಾಗ. ಬದಲಿಗೆ ಬಂದವರಿಗೆ ಉಳಿದ ಅವಧಿ ಮಾತ್ರ. ಅಭ್ಯಾಸಬಲದಿಂದ ಪೂರ್ತಿ ಮೂರು ವರ್ಷ ಬರೆದರೆ ಇಬ್ಬರ ಅವಧಿ ಒಂದೇ ವರ್ಷ ಮುಗಿಯುವ ಪರಿಸ್ಥಿತಿ ಬರಬಹುದು. ಆದೇಶದಲ್ಲಿ ಯಾರ ಸ್ಥಾನ, ಯಾವ ದಿನಾಂಕದವರೆಗೆ ಎರಡೂ ಇರಲಿ.

ಅನುಮೋದನೆ ಆಯಿತೆಂದು ಕಡತ ಮುಚ್ಚಬೇಡಿ. ನೇಮಕದ ದಿನದಿಂದ 10 ದಿನಗಳೊಳಗೆ ಸದಸ್ಯರು ಅಧಿಕಾರ ವಹಿಸಿಕೊಳ್ಳುವ ವಿಧಿಗಳನ್ನು ಮುಗಿಸದಿದ್ದರೆ ಬೇರೊಬ್ಬರನ್ನು ನೇಮಿಸಬೇಕಾಗುತ್ತದೆ. ಮೊದಲು ಲಂಚ ಕೊಟ್ಟಿಲ್ಲವೆಂಬ ಹೇಳಿಕೆಗೆ ಸಹಿ, ನಂತರ ಪ್ರಮಾಣವಚನ. ರಾಜ್ಯ ಸಂವಿಧಾನ ಹೇಳುವ ಕ್ರಮ ಇದೇ. ಸರ್ಕಾರಿ ಮಂಡಳಿಗಳ ಸಭೆ ಜನರಿಗೆ ತೆರೆದಿರಬೇಕೆನ್ನುವ ಮುಕ್ತ ಸಭೆಗಳ ಕಾನೂನಿನ ತರಬೇತಿಗೆ ಪ್ರಮಾಣವಚನದಿಂದ 90 ದಿನ ಸಮಯವಿದೆ. ಮೂವರೂ ಅಧಿಕಾರ ವಹಿಸಿಕೊಂಡ 10 ದಿನಗಳೊಳಗೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಅವರೇ ಆರಿಸಬೇಕು, ಆಮೇಲೆ ಪ್ರತಿ ಜನವರಿಯಲ್ಲಿ.

ಮರುನೇಮಕಕ್ಕೆ ಅವಕಾಶವಿದೆ. ಸತತ ನಾಲ್ಕನೇ ಅಥವಾ ಅದರ ನಂತರದ ಅವಧಿಗೆ ಮಾತ್ರ ಕೌನ್ಸಿಲ್‌ನ ಮೂರನೇ ಎರಡರಷ್ಟು ಮತ ಬೇಕು, ಅದೂ ಒಟ್ಟು ಸದಸ್ಯಬಲದ ಲೆಕ್ಕದಲ್ಲಿ. ಏಳು ಜನರ ಕೌನ್ಸಿಲ್‌ನಲ್ಲಿ ಆ ದಿನ ಐವರೇ ಹಾಜರಿದ್ದರೆ ಐವರೂ ಕೈ ಎತ್ತಬೇಕು.