ಬಿಳಿ ಮೊಟ್ಟೆ ಮಾಡಿದ್ದು

ಫ್ಯಾಬರ್ಜೆ ಮೊಟ್ಟೆ, ಅಂದರೆ ರಷ್ಯಾದ ಅಕ್ಕಸಾಲಿಗ ಫ್ಯಾಬರ್ಜೆಯ ಕಾರ್ಖಾನೆಯಲ್ಲಿ ಮಾಡಿದ ಒಡವೆಯಂಥ ಮೊಟ್ಟೆ, ಅಂದ ಕೂಡಲೇ ವಜ್ರ, ಮಾಣಿಕ್ಯ ಕಣ್ಮುಂದೆ ಬರುತ್ತವೆ ಅಲ್ವಾ? ಆದರೆ ರಷ್ಯಾದ ದೊರೆ ಮೂರನೇ ಅಲೆಕ್ಸಾಂಡರ್ 1885ರ ಈಸ್ಟರ್ ಹಬ್ಬಕ್ಕೆ ಹೆಂಡತಿ ಮರಿಯಾಗೆ ಕೊಟ್ಟ ಮೊದಲ ಮೊಟ್ಟೆಯ ಮೈಮೇಲೆ ಒಂದು ಹರಳೂ ಇಲ್ಲ. ಚಿನ್ನದ ಚಿಪ್ಪು, ಅದರ ಮೇಲೆ ಬರೀ ಬಿಳಿ ಎನಾಮೆಲ್. ತೆರೆದರೆ ಚಿನ್ನದ ಹಳದಿ ಲೋಳೆ, ಅದರೊಳಗೆ ಚಿನ್ನದ ಹೇಂಟೆ. ಹೇಂಟೆಯ ಹೊಟ್ಟೆಯಲ್ಲಿ ವಜ್ರದ ಪುಟ್ಟ ಕಿರೀಟ, ಮಾಣಿಕ್ಯದ ಪದಕ ಇದ್ದವು. ಅವೆರಡೂ ಈಗ ಇಲ್ಲ. ಆಮೇಲೆ ಬಂದ ಅರಮನೆಯ ಮೊಟ್ಟೆಗಳಲ್ಲಿ ಆಡಂಬರ ಜಾಸ್ತಿ. ನನಗೆ ಮಾತ್ರ ಇದೇ ಎಲ್ಲಕ್ಕಿಂತ ಚೆಂದ.

ನಾನು ಬೆಳ್ಳಿ ಕೆಲಸದವನು. ಮೂಲದ ಉದ್ದ ಸುಮಾರು 64 ಮಿ.ಮೀ. ಅದೇ ಅಳತೆಯಲ್ಲಿ ಬೆಳ್ಳಿಯದೊಂದು ಮಾಡಿದೆ.

ತಗಡಿಗೆ ಅಪ್ಪಟ ಬೆಳ್ಳಿಯನ್ನೇ ತೆಗೆದುಕೊಂಡೆ. ತಾಮ್ರ ಬೆರೆತ ಬೆಳ್ಳಿ ಕುಲುಮೆಯಲ್ಲಿ ಕಪ್ಪಾಗುತ್ತದೆ. ಮರದ ಕುಳಿಯಲ್ಲಿ ಬಡಿದು, ಆಗಾಗ ಕಾಯಿಸಿ ಮೆತ್ತಗೆ ಮಾಡಿಕೊಂಡು, ಎರಡು ಹೋಳು ಎಬ್ಬಿಸಿದೆ. ಇಷ್ಟು ನಮಗೆ ರೂಢಿಯ ಕೆಲಸ.

ಕಷ್ಟವಿರುವುದು ಬಿಳಿಯಲ್ಲಿ. ಎನಾಮೆಲ್ ಅಂದರೆ ಲೋಹಕ್ಕೆ ಹಚ್ಚಿ ಸುಟ್ಟು ಕರಗಿಸುವ ಗಾಜಿನ ಪುಡಿ. ಮೊದಲು ಹಾಲಿನಂಥ ಕಲಕು ಹೋಗಿ ನೀರು ತಿಳಿಯಾಗುವವರೆಗೆ ಅದನ್ನು ತೊಳೆಯಬೇಕು. ಉಬ್ಬಿದ ಮೈಮೇಲೆ ಪುಡಿ ಜಾರುತ್ತದೆ, ಅದಕ್ಕೆ ತುಸು ಗೋಂದು ಬೆರೆಸಿ ಕುಂಚದಲ್ಲಿ ತೆಳ್ಳಗೆ ಹಚ್ಚಿದೆ. ಒಳಮೈಗೂ ಹಚ್ಚಲೇಬೇಕು. ಸುಟ್ಟ ಮೇಲೆ ತಣ್ಣಗಾಗುವಾಗ ಬೆಳ್ಳಿ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಒಂದೇ ಕಡೆ ಗಾಜಿದ್ದರೆ ಆ ಎಳೆತಕ್ಕೆ ಬಿರುಕು ಬಿಡುತ್ತದೆ. ಪೂರ್ತಿ ಒಣಗದೆ ಕುಲುಮೆಗೆ ಇಡಬೇಡಿ. ಒಳಗಿನ ನೀರು ಆವಿಯಾಗಿ ಪುಡಿಯನ್ನು ಚಿಮ್ಮಿಸಿಬಿಡುತ್ತದೆ.

ಕಾವು ಸುಮಾರು 800 ಡಿಗ್ರಿ, ಹೊತ್ತು ಒಂದೆರಡು ನಿಮಿಷ. ಗಡಿಯಾರ ನಂಬುವುದಕ್ಕಿಂತ ಕಣ್ಣು ನಂಬುವುದು ಮೇಲು. ತರಿತರಿ ಪುಡಿ ಮೊದಲು ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗುತ್ತದೆ, ಆಮೇಲೆ ತಟ್ಟನೆ ಸಮನಾಗಿ ಮಿನುಗುತ್ತದೆ. ಆಗ ಹೊರಗೆ ತೆಗೆಯಬೇಕು. ತಣ್ಣಗಾದ ಮೇಲೆ ನೀರು ಬಿಟ್ಟು ಕಲ್ಲಿನಲ್ಲಿ ಉಜ್ಜಿ, ತಗ್ಗಿದ್ದಲ್ಲಿ ತುಂಬಿ, ಮತ್ತೆ ಸುಡಬೇಕು. ಬಿಳಿ ಬಲು ನಿಷ್ಠುರ, ಒಂದು ಕಣ ಧೂಳು ಸೇರಿದರೂ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಕೊನೆಗೆ ಉಜ್ಜಿದ ಮೇಲೆ ನಾನು ಮತ್ತೆ ಸುಡಲಿಲ್ಲ. ನಿಜವಾದ ಚಿಪ್ಪಿನ ಮಬ್ಬು ನನಗೆ ಬೇಕಿತ್ತು.

ಒಳಗಿನ ಹಳದಿಗೆ ಬೆಳ್ಳಿಯ ಗುಂಡು ಮಾಡಿ, ಮಬ್ಬುಗೊಳಿಸಿ, ಚಿನ್ನದ ಲೇಪ ಹಾಕಿಸಿದೆ. ಹೇಂಟೆಯನ್ನು ಮೇಣದಲ್ಲಿ ಕೆತ್ತಿ ಎರಕ ಹೊಯ್ದೆ. ಗರಿಗಳನ್ನು ಮಾತ್ರ ಎರಕದ ನಂತರ ಉಳಿಯಲ್ಲಿ ಗೀರಿದೆ. ಮೇಣದಲ್ಲೇ ಗೀರಿದರೆ ಪಾಲಿಶ್ ಮಾಡುವಾಗ ಅಂಚು ಸವೆದು ಗರಿಗಳು ಮೊಂಡಾಗುತ್ತವೆ. ಮೂಲದಲ್ಲಿರುವಂತೆ ಕಣ್ಣಿಗೆ ಮಾಣಿಕ್ಯ ಕೂರಿಸಿದೆ, ಸಾಸಿವೆಗಿಂತ ಚಿಕ್ಕದು.