ಮಂಡ್ಯದ ಪಾತ್ರವನ್ನು ತೆರೆಗೆ ತರುವ ಬಗೆ

ಮಂಡ್ಯದ ರೈತನ ಪಾತ್ರವನ್ನು ಚಿತ್ರಿಸುವ ನಿರ್ದೇಶಕರು ಪ್ರತಿ ಮಾತಿನ ಕೊನೆಗೂ ‘ಕಣ್ಲಾ’ ಸೇರಿಸಿದರೆ ಸೊಗಡು ಬಂದಿತೆಂದು ಭಾವಿಸಬಾರದು. ಓರಗೆಯವರನ್ನು ‘ಏನ್ಲಾ’ ಎನ್ನುವವನೇ ಹಿರಿಯರ ಮುಂದೆ ‘ಕಣಣ್ಣ’, ‘ಕಣವ್ವ’ ಎಂದು ದನಿ ತಗ್ಗಿಸುತ್ತಾನೆ ಎಂಬುದನ್ನು ಸಂಭಾಷಣೆ ಬರೆಯುವಾಗಲೇ ಗಮನಿಸಬೇಕು. ಊಟದ ದೃಶ್ಯವನ್ನಂತೂ ನಟರು ಬಿಡದೆ ಅಭ್ಯಾಸ ಮಾಡಬೇಕು: ಬಿಸಿ ಮುದ್ದೆಯ ಅಂಚನ್ನು ಬೆರಳುಗಳಿಂದ ಮುರಿದು, ಸಣ್ಣ ಉಂಡೆ ಮಾಡಿ, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. (ಮುದ್ದೆ ಅಗಿಯುವ ನಾಯಕನನ್ನು ಕಂಡರೆ ಇಲ್ಲಿನ ಪ್ರೇಕ್ಷಕರು ನಕ್ಕುಬಿಡುತ್ತಾರೆ.) ಉಡುಪಿನ ವಿಚಾರ ಸುಲಭ, ಸಂತೆಯಲ್ಲಿ ಅರ್ಧ ದಿನ ನಿಂತರೆ ತಿಳಿಯುತ್ತದೆ. 2016ರಲ್ಲಿ ತೆರೆಕಂಡ ‘ತಿಥಿ’ ಚಿತ್ರದಲ್ಲಿ ವೃತ್ತಿನಟರಲ್ಲದ ಮಂಡ್ಯ ಜಿಲ್ಲೆಯ ಗ್ರಾಮಸ್ಥರೇ ನಟಿಸಿದ್ದರು. ಅಂಥವರನ್ನು ಆರಿಸಿಕೊಂಡಾಗ ಸಾಲುಗಳನ್ನು ಬಾಯಿಪಾಠ ಮಾಡಿಸದೆ, ಸನ್ನಿವೇಶವನ್ನಷ್ಟೇ ವಿವರಿಸಿ, ಮಾತನ್ನು ಅವರಿಗೇ ಬಿಡುವುದು ಲೇಸು.